ಕಿಟಕಿಯ ವೈರಿ ದೇವಾನಂದ

ನಮ್ಮ ಚಿಂಚವಾಡದ ಸೊಸೈಟಿಗೆ ಬಂದು ದೇವಾನಂದನ ಮನೆ ಯಾವುದೆಂದು ಕೇಳಿದರೆ ವಾಚ್‌ಮನ್ ಫ್ಲ್ಯಾಟಿನ ನಂಬರು ಹೇಳುವುದಿಲ್ಲ. ಮೇಲಿನ ಮಹಡಿಗೆ ಹೋಗಿ ಕಿವಿಗೊಟ್ಟು ನಿಲ್ಲಿ, ಟಕಟಕ ಸಪ್ಪಳ ಬರುವ ಬಾಗಿಲು ಬಡಿಯಿರಿ ಎನ್ನುತ್ತಾನೆ. ಅದು ದೇವಾನಂದನ ಕೀಬೋರ್ಡಿನ ಸಪ್ಪಳ. ಎಲ್ಲರ ಮನೆಯಲ್ಲಿರುವಂಥ ಮೆತ್ತನೆಯ ಕೀಬೋರ್ಡಲ್ಲ. ಒಂದೊಂದು ಗುಂಡಿಯ ಕೆಳಗೂ ಸ್ಪ್ರಿಂಗು ಇರುವ, ಹಳೆಯ ಟೈಪ್‌ರೈಟರಿನ ಹಾಗೆ ಕುಟ್ಟುವ, ಪರದೇಶದಿಂದ ತರಿಸಿಕೊಂಡ ಸಾಮಾನು. ಸದ್ದು ಬರದಿದ್ದರೆ ಅವನಿಗೆ ಬರೆದಂತೆಯೇ ಅನಿಸುವುದಿಲ್ಲವಂತೆ. ಅಷ್ಟು ಕುಟ್ಟಿ ಕುಟ್ಟಿ ಬರೆಯುವುದಾದರೂ ಏನು ಎಂದು ನಾನೊಮ್ಮೆ ಅವನ ಹೆಂಡತಿ ಶಿವಕಾಂತಾ ವೈನಿಯನ್ನು ಕೇಳಿದ್ದೆ.

"ಜಗಳ ಬರೀತಾರ್ರಿ ಭೀಮಣ್ಣಾರ," ಎಂದರು ವೈನಿ. "ಮನ್ಯಾಗ ಮಾತಾಡ್ಲಿಕ್ಕ ಬ್ಯಾಸರ. ಅಲ್ಲಿ ಯಾರೋ ಗುರ್ತಿಲ್ಲದವರ ಕೂಡ ಹಗಲೆಲ್ಲ ವಾದ."

ನಾನು ಎದುರು ಮನೆಯವನು. ಔರಾದ ಕಡೆಯಿಂದ ಬಂದು ಪುಣೆಯ ಕಟ್ಟಡಗಳ ನೆಲಕ್ಕೆ ಫರ್ಶಿ ಕಲ್ಲು ಕೂಡಿಸುವ ಗುತ್ತಿಗೆ ಮಾಡಿಕೊಂಡಿದ್ದೇನೆ. ದೇವಾನಂದ ಭಾಲ್ಕಿಯವನು, ಇಲ್ಲೊಂದು ಗೇರ್ ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸ. ನಟ್ಟು ಬೋಲ್ಟು ಬೇರಿಂಗು ಬಂದದ್ದು ಹೋದದ್ದು ನೋಡಿಕೊಳ್ಳುವುದು. ಆದರೆ ಅವನು ಹೊಸಬರಿಗೆ ತನ್ನ ಪರಿಚಯ ಮಾಡಿಕೊಡುವಾಗ ಕಾರ್ಖಾನೆಯ ಹೆಸರು ಹೇಳಿದ್ದನ್ನು ನಾನು ಕೇಳಿಲ್ಲ. "ನಾ ಲಿನಕ್ಸಿನಾಂವ" ಎನ್ನುತ್ತಾನೆ, ಯಾವುದೋ ಊರಿನ ಹೆಸರು ಹೇಳಿದಂತೆ.

ಕಂಪ್ಯೂಟರಿನ ಗೊಡವೆ ಇಲ್ಲದವರಿಗೆ ಇಷ್ಟು ಗೊತ್ತಿದ್ದರೆ ಸಾಕು. ಕಂಪ್ಯೂಟರ್ ಎಚ್ಚರವಾಗಬೇಕಾದರೆ ಒಳಗೊಂದು ಮೂಲ ಸಾಫ್ಟ್‌ವೇರ್ ಬೇಕು. ನಾವು ನೀವು ಅಂಗಡಿಯಿಂದ ಕೊಂಡು ತಂದದ್ದರಲ್ಲಿ ಸಾಮಾನ್ಯವಾಗಿ ವಿಂಡೋಸ್ ಇರುತ್ತದೆ. ಲಿನಕ್ಸ್ ಎಂಬುದು ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಂಡು, ಬಿಚ್ಚಿ ನೋಡಿ, ತಿದ್ದಿಕೊಳ್ಳಬಹುದಾದದ್ದು. ಅದರಲ್ಲಿ ನೂರಾರು ತರಹಗಳಿವೆ. ವಸ್ತು ಒಳ್ಳೆಯದೇ. ದೊಡ್ಡ ದೊಡ್ಡ ಕಂಪನಿಗಳ ಯಂತ್ರಗಳು ಅದರ ಮೇಲೇ ಓಡುತ್ತವಂತೆ. ದೋಷವೇನಾದರೂ ಇದ್ದರೆ ಅದರದ್ದಲ್ಲ, ನಮ್ಮ ಮೇಲಿನ ಮಹಡಿಯದ್ದು.

ವಿಂಡೋಸ್ ಎಂಬ ಹೆಸರನ್ನು ದೇವಾನಂದ ಬಾಯಲ್ಲಿ ಎತ್ತುವುದಿಲ್ಲ. "ಕಿಟಕಿ" ಎನ್ನುತ್ತಾನೆ. ಕಾರ್ಖಾನೆಯಲ್ಲಿ ದಿನವಿಡೀ ಆ ಕಿಟಕಿಯ ಮುಂದೆಯೇ ಕೂತಿರಬೇಕು. ಅದನ್ನು ಹೊಟ್ಟೆಪಾಡು ಎಂದು ಕರೆದು, ಮಾನಿಟರಿನ ಮೂಲೆಗೆ ಲಿನಕ್ಸಿನ ಗುರುತಾದ ಪೆಂಗ್ವಿನ್ ಚಿತ್ರವೊಂದನ್ನು ಅಂಟಿಸಿ ಸಮಾಧಾನ ಮಾಡಿಕೊಂಡಿದ್ದಾನೆ.

ಒಂದು ದಿನ ನನ್ನ ಮನೆಗೆ ಬಂದವನೇ ನನ್ನ ಲ್ಯಾಪ್‌ಟಾಪನ್ನು ನೋಡಿ ತಲೆ ಅಲ್ಲಾಡಿಸಿದ.

"ಭೀಮಣ್ಣ, ನೀವಿನ್ನೂ ಬಾಡಿಗಿ ಮನ್ಯಾಗೇ ಇದ್ದೀರಿ ನೋಡ್ರಿ."

"ಇಲ್ಲರಿ, ಮನಿ ಸ್ವಂತದ್ದು. ಲೋನೂ ತೀರ್‍ಯಾದ."

"ಆ ಮನಿ ಅಲ್ಲರಿ! ಇದು!" ಎಂದು ಲ್ಯಾಪ್‌ಟಾಪನ್ನು ತಟ್ಟಿದ. "ಇದರ ಕೀಲಿ ಕಂಪನಿ ಕೈಯಾಗ ಅದ. ತಾನಾಗೇ ಬಂದ್ ಆಗ್ತದ, ತಾನಾಗೇ ಚಾಲೂ ಆಗ್ತದ. ನಿಮ್ಮನ್ನ ಒಂದ್ ಮಾತು ಕೇಳ್ತದೇನು?"

ಕೇಳುವುದಿಲ್ಲ ಎಂಬುದು ನಿಜವೇ ಆಗಿತ್ತು. ಒಪ್ಪಿಕೊಂಡೆ. ಆ ಸಂಜೆಯೇ ನನ್ನ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಬಂತು, ನನ್ನ ಪ್ರಿಂಟರ್ ಹೋಯಿತು. ಗಿರಾಕಿಗಳಿಗೆ ಕೊಡುವ ಕೊಟೇಶನ್ನು ಒಂದೂ ಹೊರಗೆ ಬರಲೊಲ್ಲದು. ಕೇಳಿದರೆ, "ಪ್ರಿಂಟ್ ಯಾಕ ಬೇಕ್ರಿ? ಕಾಗದ ಉಳಸ್ರಿ" ಎಂದ. ಎರಡು ವಾರ ಕಳೆದ ಮೇಲೆ ಪರದೆಯೂ ಕಪ್ಪಾಯಿತು. ಅದಕ್ಕೂ ಅವನಲ್ಲಿ ಉತ್ತರವಿತ್ತು. "ಅಪ್‌ಡೇಟ್ ಮಾಡ್ಲೇನು ಅಂತ ಅದು ನಿಮ್ಮನ್ನ ಕೇಳಿತ್ತಿಲ್ಲೋ? ನೀವು ಹೂಂ ಅಂದೀರಿ. ನಿಮ್ಮ ಒಪ್ಪಿಗಿ ತೊಗೊಂಡೇ ಕೆಟ್ಟದ. ಇದಕ್ಕ ಸ್ವಾತಂತ್ರ್ಯ ಅಂತಾರ." ಅಂದಿನಿಂದ ನಾನು ಸ್ವತಂತ್ರನಾಗಿ ಝೆರಾಕ್ಸ್ ಅಂಗಡಿಗೆ ನಡೆದುಹೋಗಿ ಕೊಟೇಶನ್ ಮಾಡಿಸಿಕೊಂಡು ಬರುತ್ತೇನೆ.

ಅವನ ಬಳಗವೆಲ್ಲ ಇಂಟರ್‌ನೆಟ್ಟಿನಲ್ಲಿತ್ತು. ಪುಣೆಯ ಲಿನಕ್ಸ್ ಪ್ರೇಮಿಗಳ ಒಂದು ಗುಂಪು. ಅಲ್ಲಿ ಯಾರೂ ತಂದೆತಾಯಿ ಇಟ್ಟ ಹೆಸರಿನಿಂದ ಇರುವುದಿಲ್ಲ. ದೇವಾನಂದನ ಹೆಸರು ಅಲ್ಲಿ 'ರೂಟ್‌ದೇವ'. ಭಾನುವಾರ ಬಂತೆಂದರೆ ತಮ್ಮ ತಮ್ಮ ಡೆಸ್ಕ್‌ಟಾಪಿನ ಚಿತ್ರ ತೆಗೆದು ಒಬ್ಬರಿಗೊಬ್ಬರು ತೋರಿಸುವುದು ಅಲ್ಲಿನ ರೂಢಿ. ಕಪ್ಪು ಹಿನ್ನೆಲೆ, ಮೂಲೆಯಲ್ಲೊಂದು ಗಡಿಯಾರ, ನಡುವೆ ನಾಲ್ಕು ಸಾಲು ಹಸಿರು ಅಕ್ಷರ. ಹಿಂದಿನ ವಾರಕ್ಕೂ ಈ ವಾರಕ್ಕೂ ಏನು ಬದಲಾಯಿತೆಂದು ನನಗೆ ತಿಳಿಯುತ್ತಿರಲಿಲ್ಲ. "ಗಡಿಯಾರ ಎಡಕ್ಕ ಬಂದದ, ಕಾಣಂಗಿಲ್ಲೇನ್ರಿ?" ಎಂದು ರೇಗುತ್ತಿದ್ದ. ಹೊಸಬ ಯಾರಾದರೂ ಆ ಗುಂಪಿಗೆ ಬಂದು ಅಣ್ಣಾ, ನನ್ನ ಕಂಪ್ಯೂಟರಿನಲ್ಲಿ ಧ್ವನಿ ಬರುತ್ತಿಲ್ಲ ಎಂದರೆ, ಮೊದಲು ಓದಿಕೊಂಡು ಬಾ ಎಂದು ಗದರಿಸಿ ಕಳಿಸುವ ಕೆಲಸವನ್ನು ರೂಟ್‌ದೇವ ಯಾರೂ ಹೇಳದೆಯೇ ಮೈಮೇಲೆ ಹಾಕಿಕೊಂಡಿದ್ದ. ಆ ಗುಂಪಿನಲ್ಲಿ ಅವನು ತಲೆಬಾಗುತ್ತಿದ್ದುದು ಒಬ್ಬನಿಗೆ ಮಾತ್ರ. 'ಶೂನ್ಯ' ಎಂಬ ಹೆಸರಿನವನು. ಬರೆದರೆ ಒಂದೇ ಸಾಲು. ಆ ಸಾಲು ಬಂದರೆ ಎಲ್ಲರ ವಾದ ನಿಲ್ಲುತ್ತದೆ ಎಂದು ದೇವಾನಂದ ಕಣ್ಣರಳಿಸಿ ಹೇಳುತ್ತಿದ್ದ.

ಇಷ್ಟಾದರೆ ಒಬ್ಬ ಮನುಷ್ಯನ ಹವ್ಯಾಸ ಎಂದು ಸುಮ್ಮನಿರಬಹುದಿತ್ತು. ಆದರೆ ಮಗಳು ಸೋನಾಲಿ ಮದುವೆಗೆ ಬಂದಳು.

ಸೋನಾಲಿ ವಿಮಾನ ನಗರದ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದಳು. ಚುರುಕು ಹುಡುಗಿ. ಕಂಪ್ಯೂಟರಿನ ವಿಷಯ ಬಂದರೆ ಅಪ್ಪನ ಮುಂದಿನಿಂದ ಎದ್ದು ಹೋಗುವುದನ್ನು ಶಾಲೆಗೆ ಹೋಗುವ ವಯಸ್ಸಿನಲ್ಲೇ ಕಲಿತಿದ್ದಳು. ಗಂಡು ನೋಡುವ ಮಾತು ಬಂದಾಗ ದೇವಾನಂದ ನಮ್ಮೆಲ್ಲರ ಮುಂದೆ ಎದೆಯುಬ್ಬಿಸಿ ಘೋಷಿಸಿದ:

"ನಾ ಜಾತಿ ಕೇಳಂಗಿಲ್ಲ. ಜಾತಕ ಕೇಳಂಗಿಲ್ಲ. ಪಗಾರ ಕೇಳಂಗಿಲ್ಲ."

ಇಷ್ಟು ದೊಡ್ಡ ಮನಸ್ಸಿನ ತಂದೆ ನಮ್ಮ ಕಡೆ ಎಲ್ಲಿ ಸಿಗುತ್ತಾನೆ ಎಂದು ನಾನು ಅಂದುಕೊಂಡೆ. ಮೊದಲ ಗಂಡಿನ ಮನೆಯವರು ಬರುವವರೆಗೆ ಹಾಗೆಯೇ ಅಂದುಕೊಂಡಿದ್ದೆ.

ಕಲಬುರಗಿ ಕಡೆಯವರು. ಹುಡುಗ ಮಹೇಶಕುಮಾರ, ಪಿಂಪ್ರಿಯ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ತಂದೆತಾಯಿಯ ಜೊತೆ ಬಂದು ಅಚ್ಚುಕಟ್ಟಾಗಿ ಸೋಫಾದ ತುದಿಗೆ ಕೂತ. ವೈನಿ ಮಂಡಕ್ಕಿ ಒಗ್ಗರಣೆಯ ಸುಸಲಾ ತಟ್ಟೆ ತಂದಿಟ್ಟರು. ದೇವಾನಂದ ಊರು ಕೇಳಲಿಲ್ಲ, ಓದು ಕೇಳಲಿಲ್ಲ.

"ಲ್ಯಾಪ್‌ಟಾಪ್ ತಂದೀರೇನು?" ಎಂದ.

ಪಾಪ, ಆ ಹುಡುಗ ಕಾರ್ಖಾನೆಯಿಂದ ನೇರ ಬಂದಿದ್ದ. ಚೀಲದಲ್ಲಿ ತನ್ನದೇ ಲ್ಯಾಪ್‌ಟಾಪ್ ಇತ್ತು. ಏನೋ ಕೆಲಸ ತೋರಿಸಲು ಹೇಳುತ್ತಿದ್ದಾರೆ ಎಂದು ಭಾವಿಸಿ ಉತ್ಸಾಹದಿಂದ ತೆರೆದ. ಪರದೆಯ ಮೇಲೆ ಅವನು ಬೈಕಿನ ಮೇಲೆ ಕೂತ ಫೋಟೋ. ಅದರ ಮೇಲೆ ಮುಖವೇ ಕಾಣದಷ್ಟು ಐಕಾನುಗಳು. ಕೆಳಗಿನ ಮೂಲೆಯಲ್ಲಿ, ಈ ಪ್ರತಿಗೆ ಪರವಾನಗಿ ಇಲ್ಲ ಎಂಬ ಅರ್ಥದ ಮಸುಕು ಅಕ್ಷರಗಳು.

ದೇವಾನಂದ ಎದ್ದು ನಿಂತ. "ಕಳವಿನ ಮಾಲು!"

ಹುಡುಗನ ತಂದೆಯೂ ಎದ್ದು ನಿಂತರು. "ಯಾರಿಗೆ ಅಂದ್ರಿ?"

"ಕಿಟಕಿ ಕೆಟ್ಟದ್ದು. ಅದರಾಗ ಕಳವು ಮಾಡಿದ ಕಿಟಕಿ! ಒಂದರಾಗ ಎರಡು ಪಾಪ!"

"ನನ್ನ ಮಗ ಕಿಟಕಿ ಕದ್ದಾನಂತ?" ಎಂದು ಆ ಹಿರಿಯರು ಕೇಳಿದರು. "ಎಲ್ಲಿ ಕದ್ದಾನ? ಯಾರು ಹೇಳ್ಯಾರ ನಿಮಗ?"

ನಾನು ನಡುವೆ ಬಂದು ಬಿಡಿಸಿ ಹೇಳಲು ನೋಡಿದೆ. ಸಾಫ್ಟ್‌ವೇರು, ಪರವಾನಗಿ, ನಕಲು ಎಂದೆಲ್ಲ ಹೇಳಿದಷ್ಟೂ ನಾನು ಪೊಲೀಸರ ಕಡೆಯವನಂತೆ ಕಾಣತೊಡಗಿದೆ. ಅವರು ಸುಸಲಾ ಮುಟ್ಟದೆ ಹೊರಟುಹೋದರು. ಹೋಗುವಾಗ ಮಹೇಶಕುಮಾರ ಮಾತ್ರ ಬಾಗಿಲಲ್ಲಿ ನಿಂತು, "ಅಂಕಲ್, ಎಲ್ಲಾರೂ ಇದೇ ಹಾಕ್ಕೋತಾರ" ಎಂದು ಮೆಲ್ಲಗೆ ಹೇಳಿದ. ಅದೇ ಅವನ ದೊಡ್ಡ ತಪ್ಪಾಯಿತು. ಎಲ್ಲರೂ ಮಾಡುವುದನ್ನು ಮಾಡುವವನಿಗೆ ದೇವಾನಂದ ಕುಡಿಯುವ ನೀರೂ ಕೊಡುವವನಲ್ಲ.

ವೈನಿ ಅಂದು ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಸೋನಾಲಿಯ ಮುಖದಲ್ಲಿ ಮಾತ್ರ ಅಂಥ ದುಃಖವೇನೂ ಕಾಣಲಿಲ್ಲ. ತಟ್ಟೆ ಎತ್ತುವಾಗ ನಗು ತಡೆಯುತ್ತಿದ್ದಳು. ಅದರ ಕಾರಣ ಮುಂದಿನ ತಿಂಗಳು ತಿಳಿಯಿತು. ಅವಳ ಆಫೀಸಿನಲ್ಲೇ ಅಭಿಲಾಷ ಎಂಬ ಹುಡುಗನಿದ್ದ. ಮದ್ದೂರಿನ ಕಡೆಯವನು, ಇಬ್ಬರೂ ಒಪ್ಪಿಕೊಂಡಾಗಿತ್ತು. ಏನು ಕೆಲಸ ಎಂದು ದೇವಾನಂದ ಕೇಳಿದಾಗ ಅವಳು "ಪ್ರೋಗ್ರಾಮರ್" ಎಂದಳು. ಆ ಒಂದು ಶಬ್ದ ಕೇಳಿ ದೇವಾನಂದ ಕುರ್ಚಿಯಿಂದ ಅರ್ಧ ಎದ್ದ.

"ದಿನಾ ಕೋಡ್ ಬರೀತಾನೇನು?"

"ದಿನಾ ಬರೀತಾನ್ ಪಪ್ಪಾ."

"ಭಾನುವಾರ ಊಟಕ್ಕ ಕರೀ."

ಆ ವಾರವೆಲ್ಲ ಅವನ ಮನೆಯಲ್ಲಿ ಹಬ್ಬದ ಗಡಿಬಿಡಿ. ಬಾಲ್ಕನಿಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟಿದ್ದ ಸತ್ತ ಕಂಪ್ಯೂಟರುಗಳ ಧೂಳು ಹೊಡೆದ. ಎರಡಕ್ಕೆ ಜೀವ ಬರಿಸಿದ. ಕೀಬೋರ್ಡಿನ ಗುಂಡಿಗಳನ್ನೆಲ್ಲ ಕಿತ್ತು ಸಾಬೂನು ನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿದ. ವೈನಿ ಅವನ್ನು ಹುರಿಗಡಲೆ ಎಂದು ತಿಳಿದು ಡಬ್ಬಿಗೆ ತುಂಬಲು ಹೊರಟಿದ್ದರು ಎಂದು ಆಮೇಲೆ ತಾವೇ ಹೇಳಿ ನಕ್ಕರು.

ಅಭಿಲಾಷ ಬಂದ. ಎತ್ತರದ, ಸಾವಧಾನದ ಹುಡುಗ. ಜೋಳದ ರೊಟ್ಟಿಯನ್ನು ಮುರಿಯುವುದು ಹೇಗೆಂದು ತಿಳಿಯದೆ ಸೋನಾಲಿಯ ಕಡೆ ನೋಡಿ ನಗುತ್ತಿದ್ದ. ಊಟಕ್ಕೆ ನನ್ನನ್ನೂ ಕರೆದಿದ್ದರು. ದೇವಾನಂದ ಎರಡನೆಯ ತುತ್ತಿಗೇ ಶುರು ಮಾಡಿದ.

"ಮನ್ಯಾಗ ಯಾವ ಡೆಸ್ಕ್‌ಟಾಪ್ ಅದರಿ ನಿಮ್ಮದು?"

"ಮನೇಲಾ ಅಂಕಲ್? ಇಲ್ಲ."

"ಲ್ಯಾಪ್‌ಟಾಪ್ ಅಷ್ಟೇನು?"

"ಅದೂ ಆಫೀಸಿಂದು. ಶುಕ್ರವಾರ ಸಂಜೆ ಬ್ಯಾಗ್‌ಗೆ ಹಾಕಿದ್ರೆ ಮತ್ತೆ ತೆಗೆಯೋದು ಸೋಮವಾರಾನೇ."

ದೇವಾನಂದನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. "ಹಂಗಂದ್ರ ಸ್ವಂತಕ್ಕ ಏನೂ ಬರಿಯಂಗಿಲ್ಲ? ಏನೂ ಇನ್‌ಸ್ಟಾಲ್ ಮಾಡಂಗಿಲ್ಲ?"

"ಆಕ್ಚುಲಿ ಅಂಕಲ್, ನಂಗೆ ಅದ್ರಲ್ಲಿ ಅಷ್ಟೊಂದು ಇಂಟ್ರೆಸ್ಟ್ ಇಲ್ಲ. ಕೆಲಸ ಅಷ್ಟೆ. ಬ್ಯಾಂಕಲ್ಲಿ ಇರೋರು ಮನೆಗ್ ಬಂದು ಮತ್ತೆ ನೋಟ್ ಎಣಿಸ್ತಾರಾ?"

ನನಗೆ ನಗು ಬಂತು. ಚಟ್ನಿ ನೆತ್ತಿಗೇರಿದಂತೆ ಮಾಡಿ ನೀರು ಕುಡಿದೆ. ದೇವಾನಂದ ಇನ್ನೊಂದು ಅವಕಾಶ ಕೊಟ್ಟ. "ಆಫೀಸಿನ ಲ್ಯಾಪ್‌ಟಾಪಿನ್ಯಾಗರೆ ಏನದ? ಕಿಟಕಿಯೋ, ಲಿನಕ್ಸೋ?"

ಅಭಿಲಾಷ ಪ್ರಾಮಾಣಿಕವಾಗಿ ಯೋಚಿಸಿದ. "ಗೊತ್ತಿಲ್ಲ ಅಂಕಲ್. ಹೋದ ವರ್ಷ ಚೇಂಜ್ ಮಾಡಿದ್ರು. ಅದೇನ್ ಹಾಕಿದಾರೋ. ಓಪನ್ ಆಗುತ್ತೆ, ಕೆಲಸ ಮಾಡ್ತೀನಿ."

ಊಟ ಮುಗಿಸಿ ಹುಡುಗ ಹೋದ ಮೇಲೆ ದೇವಾನಂದ ಬಾಲ್ಕನಿಯಲ್ಲಿ ನಿಂತು ನನ್ನೆದುರು ತೋಡಿಕೊಂಡ. "ಭೀಮಣ್ಣ, ಕಿಟಕಿ ಹಾಕ್ಕೊಂಡು, ಅದೇ ಛಲೋ ಅಂತ ವಾದ ಮಾಡಿದ್ರ ನಾ ಒಪ್ಪಿಕೋತಿದ್ದೆ. ಅಂವ ವೈರಿ, ವೈರಿ ಕೂಡ ಕೂತು ಮಾತಾಡ್ಲಿಕ್ಕ ಬರ್ತದ. ಈ ಹುಡುಗಗ ಏನೂ ಅನಸೂದೇ ಇಲ್ಲಲ್ಲರಿ! ಒಳಗ ಏನದ ಅಂತ ತಿರುಗಿ ನೋಡಿಲ್ಲ. ಇಂಥವ ನಾಳಿ ಹೆಂಡತಿ ಮನಸ್ಸಿನ್ಯಾಗ ಏನದ ಅಂತ ನೋಡ್ತಾನೇನು?"

ಹೆಂಡತಿಯ ಮನಸ್ಸಿನ ಮಾತು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು. ಒಳಗೆ ವೈನಿ ಪಾತ್ರೆಗಳನ್ನು ಬೇಕೆಂದೇ ಜೋರಾಗಿ ಇಡುತ್ತಿದ್ದರು. ಸೋನಾಲಿ ಅಪ್ಪನ ಮುಂದೆ ಬಂದು ನಿಂತು, ತಾನು ಅಭಿಲಾಷನನ್ನು ಬಿಟ್ಟು ಬೇರೆಯವನನ್ನು ಮದುವೆ ಆಗುವುದಿಲ್ಲ ಎಂದು ಸ್ಪಷ್ಟ ಹೇಳಿದಳು. ದೇವಾನಂದನೂ ಸ್ಪಷ್ಟ ಹೇಳಿದ: ನನ್ನ ಕಣ್ಣಲ್ಲಿ ಒಬ್ಬನಿದ್ದಾನೆ, ಅವನನ್ನು ನೋಡಿ ಬರುವವರೆಗೆ ಯಾರೂ ಬಾಯಿ ಬಿಡಬಾರದು.

ಆ ಒಬ್ಬನೆಂದರೆ ಶೂನ್ಯ.

ಅವನ ನಿಜವಾದ ಹೆಸರು ಮಿಥುನ ಎಂದೂ, ಕೋಥರೂಡಿನಲ್ಲಿ ತಾಯಿಯ ಜೊತೆ ಇದ್ದಾನೆಂದೂ, ಮದುವೆಯಾಗಿಲ್ಲವೆಂದೂ ದೇವಾನಂದ ಗುಂಪಿನಲ್ಲಿ ಯಾರನ್ನೋ ಕೇಳಿ ತಿಳಿದುಕೊಂಡ. ವಯಸ್ಸೆಷ್ಟು, ಉದ್ಯೋಗವೇನು ಎಂದು ನಾನು ಕೇಳಿದೆ. "ಅಂಥಾ ಮನುಷ್ಯಾಗ ಅದೆಲ್ಲ ಕೇಳತಾರೇನ್ರಿ?" ಎಂದ. ಮುಂದಿನ ಭಾನುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಸರಾದ ಒಂದು ತಿಂಡಿ ಅಂಗಡಿಯಿಂದ ಬಾಕರವಡಿ ಕಟ್ಟಿಸಿಕೊಂಡು, ನನ್ನ ಸ್ಕೂಟರಿನ ಹಿಂದೆ ಕೂತ. ನಾನು ಹೋದದ್ದು ವೈನಿಯ ಒತ್ತಾಯಕ್ಕೆ. "ನೀವರೆ ಇರ್ರಿ ಭೀಮಣ್ಣಾರ. ಇವರು ಅಲ್ಲೇ ತಾಂಬೂಲ ಬದಲಿ ಮಾಡಿ ಬಂದ್ರ ನಾ ಏನ್ ಮಾಡ್ಲಿ?"

ಕೋಥರೂಡಿನ ಹಳೆಯ ಸೊಸೈಟಿ. ಬಾಗಿಲು ತೆರೆದವರು ತೆಳ್ಳಗಿನ ಒಬ್ಬ ಅಜ್ಜಿ, ರಾಧಾಬಾಯಿ, ಮಿಥುನನ ತಾಯಿ. ನಮ್ಮಿಬ್ಬರನ್ನು ಮೇಲಿಂದ ಕೆಳಗೆ ನೋಡಿ ಮುಖ ಅರಳಿಸಿ ಕೇಳಿದರು:

"ಭಂಗಾರವಾಲೇ ಕಾ?"

ನಮ್ಮ ಭಾಷೆಯಲ್ಲಿ ಬಂಗಾರ ಎಂದರೆ ಚಿನ್ನ. ಮರಾಠಿಯ ಭಂಗಾರ ಎಂದರೆ ಗುಜರಿ. ಹಳೆಯ ಸಾಮಾನು ಕೊಳ್ಳುವವರು ಕೊನೆಗೂ ಬಂದರು ಎಂದು ಅಜ್ಜಿಗೆ ಸಂತೋಷವಾಗಿತ್ತು. ಅಲ್ಲ, ಮಿಥುನರಾಯರನ್ನು ನೋಡಲು ಬಂದಿದ್ದೇವೆ ಎಂದು ದೇವಾನಂದ ಮರಾಠಿಯಲ್ಲಿ ಹೇಳಿದಾಗ ಅರಳಿದ ಮುಖ ಬಾಡಿತು. "ಆಣಖೀ ಏಕ್," ಇನ್ನೊಂದು ಬಂತು, ಎಂದು ತಮ್ಮಷ್ಟಕ್ಕೆ ಗೊಣಗಿ ಒಳಗಿನ ಕೋಣೆ ತೋರಿಸಿದರು.

ಆ ಕೋಣೆ ನೋಡಿ ನಾನು ಬೆಚ್ಚಿದೆ. ದೇವಾನಂದನ ಬಾಲ್ಕನಿಯೇ ಬೆಳೆದು ಕೋಣೆಯಾದಂತಿತ್ತು. ಗೋಡೆಯುದ್ದಕ್ಕೂ ಹೊಟ್ಟೆ ಬಗೆದ ಕಂಪ್ಯೂಟರುಗಳು, ನೆಲದಲ್ಲಿ ಕಾಲಿಟ್ಟಲ್ಲೆಲ್ಲ ವೈರು. ನಡುವೆ ಕುರ್ಚಿಯಲ್ಲಿ ಒಬ್ಬ ದಪ್ಪನೆಯ, ಕೂದಲು ಅರ್ಧ ಉದುರಿದ, ನಡುವಯಸ್ಸು ಮುಟ್ಟಿದ ಮನುಷ್ಯ. ನಮ್ಮ ಕಡೆ ಬೆನ್ನು ಮಾಡಿ ಕೂತಿದ್ದ. ಮುಂದೆ ಕಪ್ಪು ಪರದೆ, ಪಕ್ಕದಲ್ಲಿ ಒಣಗಿದ ಅವಲಕ್ಕಿಯ ತಟ್ಟೆ.

ದೇವಾನಂದ ಎರಡೂ ಕೈ ಜೋಡಿಸಿ, "ನಾನು ರೂಟ್‌ದೇವ" ಎಂದ. ತನ್ನ ನಿಜವಾದ ಹೆಸರು ಹೇಳಲೇ ಇಲ್ಲ.

ಮಿಥುನ ತಿರುಗಲಿಲ್ಲ. "ಕಾಯ ವಾಪರತಾ?" ಎಂದ. ಏನು ಬಳಸುತ್ತೀರಿ ಎಂದು.

ದೇವಾನಂದ ತನ್ನ ಲಿನಕ್ಸ್ ಯಾವ ತರಹದ್ದು ಎಂಬುದನ್ನು ಹೆಮ್ಮೆಯಿಂದ ಹೇಳಿದ. ಕುರ್ಚಿಯಲ್ಲಿದ್ದ ಬೆನ್ನು ಸ್ವಲ್ಪ ಅಲುಗಾಡಿತು. ನಕ್ಕನೆಂದು ಕಾಣುತ್ತದೆ.

"ಸುರುವಾತೀಲಾ ಠೀಕ ಆಹೇ," ಎಂದ. ಕಲಿಯುವವರಿಗೆ ಪರವಾಗಿಲ್ಲ.

ದೇವಾನಂದ ಇಪ್ಪತ್ತು ವರ್ಷದಿಂದ ಅದರಲ್ಲೇ ಬದುಕಿದವನು. ಅವನ ಕಿವಿ ಕೆಂಪಾದದ್ದು ನನಗೆ ಪಕ್ಕದಿಂದ ಕಂಡಿತು.

"ಮಾವ್ಸ್ ವಾಪರತಾ?" ಎಂಬ ಎರಡನೆಯ ಪ್ರಶ್ನೆ ಬಂತು. ಮೌಸ್ ಬಳಸುವುದುಂಟೋ?

"ಕಧೀ ಕಧೀ," ಒಮ್ಮೊಮ್ಮೆ, ಎಂದ ದೇವಾನಂದ, ಕುಡಿಯುತ್ತೀಯಾ ಎಂದು ಡಾಕ್ಟರು ಕೇಳಿದಾಗ ಹೇಳುವ ದನಿಯಲ್ಲಿ.

ಮಿಥುನ ಮತ್ತೇನೂ ಕೇಳಲಿಲ್ಲ. ಅವನ ಬೆರಳುಗಳು ಕೀಬೋರ್ಡಿಗೆ ಹೋದವು. ನಾವು ನಿಂತೇ ಇದ್ದೆವು. ಕೂರಲು ಜಾಗವಿರಲಿಲ್ಲ, ಕೂರಿ ಎಂದು ಯಾರೂ ಅನ್ನಲೂ ಇಲ್ಲ. ನಾನು ದೇವಾನಂದನ ಅಂಗಿ ಎಳೆದೆ. ಅವನು ಕೈ ಕೊಡವಿಕೊಂಡು ಕೊನೆಯ ಪ್ರಯತ್ನ ಮಾಡಿದ. ತನಗೊಬ್ಬಳು ಮಗಳಿದ್ದಾಳೆ, ಓದಿದ್ದಾಳೆ, ಒಳ್ಳೆಯ ಕೆಲಸದಲ್ಲಿದ್ದಾಳೆ, ತಮ್ಮ ಮನೆಗೊಮ್ಮೆ ಬರಬೇಕು ಎಂದ.

ಆಗ ಮಿಥುನ ಮೊದಲ ಸಲ ಕುರ್ಚಿ ತಿರುಗಿಸಿ ನಮ್ಮ ಮುಖ ನೋಡಿದ. ನಿಜವಾದ ಕುತೂಹಲದಿಂದಲೇ ಕೇಳಿದ: "ತೀ ಕಾಯ ವಾಪರತೇ?"

ಅವಳು ಏನು ಬಳಸುತ್ತಾಳೆ?

ದೇವಾನಂದ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ ಎಂಬುದನ್ನು ಅವನ ಲೆಕ್ಕಕ್ಕೆ ಬರೆಯಬೇಕು. "ಫೋನ್," ಎಂದ.

ಮಿಥುನ ಕುರ್ಚಿಯನ್ನು ಮತ್ತೆ ಪರದೆಯ ಕಡೆ ತಿರುಗಿಸಿಕೊಂಡ. ಸಂಬಂಧ ಮುರಿದುಬಿತ್ತು.

ಹೊರಗೆ ಬರುವಾಗ ಬಾಕರವಡಿಯ ಪೊಟ್ಟಣವನ್ನು ದೇವಾನಂದ ಅಜ್ಜಿಯ ಕೈಗೆ ಕೊಟ್ಟ. ರಾಧಾಬಾಯಿ ಅದನ್ನು ತೆಗೆದುಕೊಂಡು, ಚಪ್ಪಲಿ ಹಾಕಿಕೊಳ್ಳುತ್ತಿದ್ದ ಅವನನ್ನು ಮರಾಠಿಯಲ್ಲಿ ಕೇಳಿದರು, ನಿಮಗೆ ಹೆಂಡತಿ ಇದ್ದಾಳೆಯೇ ಎಂದು. ಇದ್ದಾಳೆ ಎಂದ. "ನಿಮ್ಮ ಜೊತೆ ಮಾತಾಡುತ್ತಾಳೆಯೇ?" ಎಂದರು. ಇವನು ಬಗ್ಗಿ ಚಪ್ಪಲಿಯ ಪಟ್ಟಿ ಬಿಗಿಯತೊಡಗಿದ. ಅಜ್ಜಿ ತಲೆಯಾಡಿಸಿ, ಗುಜರಿಯವನು ಎಲ್ಲಾದರೂ ಸಿಕ್ಕರೆ ಇತ್ತ ಕಳಿಸಿ ಎಂದು ಹೇಳಿ ಬಾಗಿಲು ಹಾಕಿಕೊಂಡರು.

ವಾಪಸು ಬರುವಾಗ ಬಾಣೇರ ದಾಟಿದ ಮೇಲೆ ಕಬ್ಬಿನ ಹಾಲಿನ ಗಾಡಿ ಕಂಡು ನಾನೇ ನಿಲ್ಲಿಸಿದೆ. ಲೋಟ ಕೈಯಲ್ಲಿ ಹಿಡಿದುಕೊಂಡು ದೇವಾನಂದ ರಸ್ತೆ ನೋಡುತ್ತ ನಿಂತ.

"ನೀರು ಸೈತ ಕೇಳ್ಲಿಲ್ಲ ನೋಡ್ರಿ ಭೀಮಣ್ಣ."

"ಮಹೇಶಕುಮಾರನ ಮಂದಿ ನಿಮ್ಮ ಮನ್ಯಾಗ ಸುಸಲಾ ತಿಂದು ಹೋದ್ರೇನು?" ಎಂದು ನಾನು ಕೇಳಬಾರದಿತ್ತು. ಕೇಳಿಬಿಟ್ಟೆ.

ಅವನು ಸಿಟ್ಟಾಗಲಿಲ್ಲ. ಲೋಟ ಖಾಲಿ ಮಾಡಿ ಗಾಡಿಯ ಮೇಲಿಟ್ಟ. ಆಮೇಲೆ, ಬೇರೆ ಯಾರ ವಿಷಯವನ್ನೋ ವಿಚಾರಿಸುವವನಂತೆ ಕೇಳಿದ: "ಆ ಅಭಿಲಾಷಂದು ಊರು ಯಾವುದಂದಿದ್ದ? ತಂದಿ ತಾಯಿ ಇದ್ದಾರೇನು?"

"ನಿಮ್ಮ ಮಗಳನ್ನ ಕೇಳ್ರಿ," ಎಂದೆ.

ಕೇಳಿದ. ಮನೆಗೆ ಹೋದವನೇ ಚಪ್ಪಲಿ ಬಿಡುವ ಮೊದಲು ಕೇಳಿದ. ತಂದೆ ತೀರಿಕೊಂಡಿದ್ದಾರೆ, ತಾಯಿ ಮಹದೇವಮ್ಮ ಮದ್ದೂರಿನಲ್ಲಿದ್ದಾರೆ ಎಂದು ಸೋನಾಲಿ ಹೇಳಿದಳು. "ಕರೀ ಅವರನ್ನ," ಎಂದ ದೇವಾನಂದ. ವೈನಿ ಬಾಗಿಲ ಹಿಂದೆ ನಿಂತು ಕಣ್ಣೊರೆಸಿಕೊಂಡರು. ಅಪ್ಪನಿಗೆ ಬುದ್ಧಿ ಬಂತು ಎಂದು ಮನೆಯವರೆಲ್ಲ ಅಂದುಕೊಂಡರು. ನಾನೂ ಒಂದು ದಿನದ ಮಟ್ಟಿಗೆ ಹಾಗೆ ಅಂದುಕೊಂಡೆ.

ಮರುದಿನ ಸಂಜೆ ಟಕಟಕ ಸದ್ದು ಎಂದಿಗಿಂತ ಜೋರಾಗಿತ್ತು. ಹೋಗಿ ನೋಡಿದರೆ ದೇವಾನಂದ ತನ್ನ ಇಪ್ಪತ್ತು ವರ್ಷದ ಲಿನಕ್ಸನ್ನು ಅಳಿಸಿಹಾಕಿ, ಶೂನ್ಯ ಬಳಸುವ ತರಹದ್ದನ್ನು ಹಾಕಲು ಕೂತಿದ್ದ. ಅದು ಸಿದ್ಧವಾಗಿ ಸಿಗುವುದಲ್ಲವಂತೆ. ಇಟ್ಟಿಗೆಯಿಂದ ಹಿಡಿದು ಎಲ್ಲವನ್ನೂ ನಾವೇ ಸುಟ್ಟುಕೊಳ್ಳಬೇಕಂತೆ. "ಸುರುವಾತೀಲಾ ಠೀಕ ಅಂದ್ನಲ್ಲರಿ! ತೋರಸ್ತೀನಿ ಅವಗ!" ಎಂದು ಹಲ್ಲು ಕಚ್ಚಿದ. ಮಗಳ ಮದುವೆಗೆ ಅಡ್ಡಿಯಾಗದೆ ಹೋದದ್ದು ಅವನ ಮನಸ್ಸು ಕರಗಿದ್ದಕ್ಕೋ, ಅವನಿಗೆ ಅದಕ್ಕಿಂತ ದೊಡ್ಡ ಕೆಲಸ ಬಂದದ್ದಕ್ಕೋ ನಾನು ಪ್ರಮಾಣ ಮಾಡಿ ಹೇಳಲಾರೆ. ಮಾತುಕತೆಗೆ ಕೂತಾಗಲೂ ನಡುನಡುವೆ ಎದ್ದು ಹೋಗಿ ಪರದೆ ನೋಡಿ ಬರುತ್ತಿದ್ದ. ಮಹದೇವಮ್ಮ ಅದನ್ನು ಕಂಡು, ಬೀಗರಿಗೆ ಹೊಟ್ಟೆ ಸರಿಯಿಲ್ಲವೇನೋ ಎಂದು ವೈನಿಗೆ ಜೀರಿಗೆ ಕಷಾಯದ ಉಪಾಯ ಹೇಳಿಕೊಟ್ಟರು.

ಆ ಕಂಪ್ಯೂಟರಿನಲ್ಲಿ ಮದುವೆಯ ಆಮಂತ್ರಣದ ಕರಡು ಇತ್ತು ಎಂಬುದು ಅಳಿಸಿಹೋದ ಮೇಲೆ ನೆನಪಾಯಿತು. ಸೋನಾಲಿ ಆಫೀಸಿಗೆ ಹೋಗುವ ಬಸ್ಸಿನಲ್ಲಿ ಕೂತು ಫೋನಿನಲ್ಲೇ ಹೊಸದು ಮಾಡಿ ಎಲ್ಲರಿಗೂ ಕಳಿಸಿದಳು. ನನಗೂ ಬಂತು, ಚಂದವಾಗಿತ್ತು. ದೇವಾನಂದ ಅದನ್ನು ನೋಡಿ ನಾಚಿಕೊಂಡಾನು ಎಂದು ಕಾದೆ.

"ಫೋನಿನ ಒಳಗ ಏನದ ಗೊತ್ತೇನ್ರಿ?" ಎಂದ, ಗೆದ್ದವನ ನಗೆ ನಕ್ಕು. "ಲಿನಕ್ಸೇ! ನನ್ನ ಮಗಳು ತನಗೇ ತಿಳೀದ್ಹಂಗ ಲಿನಕ್ಸಿನ್ಯಾಗೇ ಮಾಡ್ಯಾಳ!"

"ಇದನ್ನ ಕೋಥರೂಡದಾಗ ಹೇಳಬೇಕಿತ್ತಲ್ಲರಿ," ಎಂದೆ. ಅವನ ನಗು ನಿಂತಿತು. ಅಲ್ಲಿ ಆ ಮಾತು ಹೊಳೆದಿರಲಿಲ್ಲ.

ಮದುವೆ ಚಿಂಚವಾಡದ ಒಂದು ಕಲ್ಯಾಣ ಮಂಟಪದಲ್ಲಿ ಸರಳವಾಗಿ ಆಯಿತು. ಹುಡುಗಿಯ ಕಡೆಯವರ ಭಾಷೆ ಮದ್ದೂರಿನವರಿಗೆ ಅರ್ಧ ತಿಳಿಯಲಿಲ್ಲ, ಅವರದು ನಮಗೆ ಅರ್ಧ ತಿಳಿಯಲಿಲ್ಲ. ಊಟ ಮಾತ್ರ ಎರಡೂ ಕಡೆಗೆ ತಿಳಿಯಿತು. ಮಹದೇವಮ್ಮ ಒಂದು ವಾರ ಮಗನ ಮನೆಯಲ್ಲಿ ಉಳಿದು, ಹೊರಡುವ ಮುನ್ನ ಬೀಗರ ಮನೆಗೆ ಬಂದರು. ನಾನೂ ಅಲ್ಲಿದ್ದೆ. ಫೋನಿನಲ್ಲಿ ಅಕ್ಷರ ಚಿಕ್ಕದಾಗಿ ಕಾಣುತ್ತದೆ, ಸ್ವಲ್ಪ ದಪ್ಪ ಮಾಡಿಕೊಡಿ ಎಂದು ಕೇಳಿದರು. ಚಿಟಿಕೆ ಹೊಡೆಯುವಷ್ಟರಲ್ಲಿ ಆಗುವ ಕೆಲಸ. ದೇವಾನಂದ ಮಾಡಿಕೊಟ್ಟ. ಆಮೇಲೆ ಆ ಫೋನಿನ ಒಳಗೆ ಏನಿದೆ, ಅದನ್ನು ಯಾರು ಯಾಕೆ ಮಾಡಿದರು, ಮನುಷ್ಯ ಯಾಕೆ ಯಾರ ಹಂಗಿಗೂ ಬೀಳಬಾರದು, ಒಳಗಿನದನ್ನು ತಿಳಿಯದೆ ಹೊರಗಿನ ಬಣ್ಣಕ್ಕೆ ಮರುಳಾದವನ ಗತಿ ಏನು ಎಂದು ವೈನಿ ಎರಡು ಸಲ ಚಹಾ ತರುವವರೆಗೂ ಹೇಳಿದ.

ಮಹದೇವಮ್ಮ ಸೆರಗು ಹೊದ್ದು, ಕಣ್ಣು ಅರೆಮುಚ್ಚಿ ಕೇಳಿದರು. ಇಷ್ಟು ವರ್ಷಗಳಲ್ಲಿ ಅವನ ಮಾತನ್ನು ನಡುವೆ ಎದ್ದು ಹೋಗದೆ ಕೇಳಿದ ಮೊದಲ ಮನುಷ್ಯರು ಅವರೇ. ಮುಗಿದ ಮೇಲೆ ವೈನಿಯ ಕಿವಿಯಲ್ಲಿ ಕೇಳಿದರು: "ನಿಮ್ ಯಜಮಾನ್ರು ಯಾವ ಮಠದ ಕಡೆಯವ್ರು ಕಣಮ್ಮ? ಭಾಷೆ ಪೂರ್ತಿ ತಿಳೀಲಿಲ್ಲ, ಆದ್ರೆ ಎಂಥ ಪ್ರವಚನ!"

ದೇವಾನಂದನ ಕಣ್ಣಲ್ಲಿ ನೀರಾಡಿತು. ತನ್ನ ಲ್ಯಾಪ್‌ಟಾಪುಗಳಲ್ಲಿ ಚೆನ್ನಾಗಿದ್ದದ್ದನ್ನು ಆರಿಸಿ, ಲಿನಕ್ಸ್ ಹಾಕಿ, ಅಕ್ಷರ ದಪ್ಪ ಮಾಡಿ, ಬೀಗಿತ್ತಿಯ ಚೀಲದಲ್ಲಿ ತಾನೇ ಇಟ್ಟ.

ಅದು ಮದ್ದೂರಿಗೆ ಹೋಗಿ ವರ್ಷವಾಯಿತು. ಮೊನ್ನೆ ಅಭಿಲಾಷ ಸಿಕ್ಕಾಗ ಅಮ್ಮ ಅದರಲ್ಲಿ ಏನು ಮಾಡುತ್ತಾರಪ್ಪ ಎಂದು ಕೇಳಿದೆ. ದೇವರ ಕೋಣೆಯ ಪಕ್ಕದ ಮೇಜಿನ ಮೇಲೆ ಕಸೂತಿ ಬಟ್ಟೆ ಹೊದಿಸಿ ಇಟ್ಟಿದ್ದಾರಂತೆ. ಬೆಳಿಗ್ಗೆ ಸ್ನಾನವಾದ ಮೇಲೆ ಬಟ್ಟೆ ಸರಿಸಿ, ಮುಚ್ಚಳ ಎತ್ತಿ, ಬೆಳಕು ಬಂತೇ ಎಂದು ನೋಡಿ, ಮತ್ತೆ ಮುಚ್ಚುತ್ತಾರಂತೆ. ಇನ್ನೇನೂ ಮಾಡುವುದಿಲ್ಲ.

ದೇವಾನಂದ ಮಾತ್ರ ತನ್ನ ಗುಂಪಿನಲ್ಲಿ ಅದನ್ನು ಬೇರೆ ರೀತಿ ಬರೆದಿದ್ದಾನೆ. ಕಂಪ್ಯೂಟರ್ ಮುಟ್ಟಿಯೇ ಗೊತ್ತಿಲ್ಲದ, ಅರವತ್ತು ದಾಟಿದ ಹಳ್ಳಿಯ ಹೆಣ್ಣುಮಗಳೊಬ್ಬರು ಒಂದು ವರ್ಷದಿಂದ ದಿನಾಲು ಲಿನಕ್ಸ್ ಬಳಸುತ್ತಿದ್ದಾರೆ. ಇಂದಿನವರೆಗೆ ಒಂದೇ ಒಂದು ತೊಂದರೆ ಬಂದಿಲ್ಲ. ಕಿಟಕಿಯವರು ಇದಕ್ಕೆ ಏನು ಹೇಳುತ್ತಾರೆ?